ಕ್ಯಾಮೆರಾ ಪಕ್ಕದಲ್ಲಿ ನಿಂತವಳು

"ಆ ಟೇಬಲ್ ಮೂರು ಬೆರಳು ಎಡಕ್ಕೆ," ಎಂದಳು ಅವಳು, ಬಾಗಿಲಲ್ಲೇ ನಿಂತು.

ರಿಹರ್ಸಲ್ ಹಾಲ್‌ನಲ್ಲಿ ಇದ್ದವನು ಒಬ್ಬನೇ. ಉದ್ದನೆಯ, ಬಡಕಲು ಮೈಯ ಗಂಡಸು. ಟೇಬಲ್ ಸರಿಸಿದ.

"ಜಾಸ್ತಿ ಆಯ್ತು. ಒಂದು ಬೆರಳು ಈಚೆಗೆ."

ಅದೂ ಆಯಿತು. ಕುರ್ಚಿ ಎರಡು ಸಲ ಜಾಗ ಬದಲಿಸಿತು, ಟ್ರಂಕು ಮೂರು ಸಲ. ಕೊನೆಗೆ ಅವಳು ಚೀಲ ಕೆಳಗಿಟ್ಟು, "ಸರಿ, ಈಗ ಆ ನಟ ಎಷ್ಟು ಹೊತ್ತಿಗೆ ಬರ್ತಾರಂತೆ?" ಎಂದು ಕೇಳಿದಳು.

"ಬಂದು ಅರ್ಧ ಗಂಟೆ ಆಯ್ತು," ಎಂದ ಆತ, ಅಂಗೈಯ ಧೂಳು ಒರೆಸಿಕೊಳ್ಳುತ್ತಾ. "ನಾನೇ."

ಅವಳ ಮುಖ ಕಿವಿಯವರೆಗೂ ಬಿಸಿಯಾಯಿತು. "ಮೊದಲೇ ಹೇಳಬಾರದಿತ್ತಾ?"

"ನೀವು ಅಷ್ಟು ಖಚಿತವಾಗಿ ಹೇಳ್ತಿದ್ರಿ. ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ."

"ನಿಮ್ಮ ಪಾತ್ರಕ್ಕೆ ಬೇಕಾಗಿರೋದೂ ಅದೇ," ಎಂದಳು, ಮುಜುಗರ ನುಂಗಿಕೊಂಡು.

ಅವಳು ವೃತ್ತಿಯಲ್ಲಿ ಟೈಲರ್. ಬಟ್ಟೆ ಬೀದಿಯ ಕೊನೆಯಲ್ಲಿ ಒಂದೇ ಬಾಗಿಲಿನ ಅಂಗಡಿ. ಹೊಸದು ಹೊಲಿಯುವುದಕ್ಕಿಂತ ಹಳೆಯದನ್ನು ಹಿಗ್ಗಿಸುವ, ಕುಗ್ಗಿಸುವ ಕೆಲಸವೇ ಹೆಚ್ಚು. ನಲವತ್ತೆರಡು ವಯಸ್ಸು. ಹಿಂದೆ ನೋಡಲು ಬಂದ ಗಂಡುಗಳಲ್ಲಿ ಒಬ್ಬನಿಗೆ ಅವಳ ಅಪ್ಪನ ಕಸುಬು ಹಿಡಿಸಲಿಲ್ಲ, ಇನ್ನೊಬ್ಬ ಅವಳಿಗೇ ಹಿಡಿಸಲಿಲ್ಲ. ಆಮೇಲೆ ಯಾರೂ ಬರಲಿಲ್ಲ, ಅವಳೂ ಕಾಯಲಿಲ್ಲ.

ಅಪ್ಪನೆಂದರೆ ಒಂದು ಕಾಲದ 'ಕಡ್ಡಿ–ಗುಂಡು' ಜೋಡಿಯ ಕಡ್ಡಿ. ಗುಂಡು ಪೆದ್ದು ಮಾತಾಡುವವನು, ಕಡ್ಡಿ ಸಿಡುಕುವವನು. ಇಪ್ಪತ್ತಾರು ವರ್ಷ ಇಬ್ಬರೂ ಸೇರಿ ಹಾಲ್‌ಗಳನ್ನು ನಗಿಸಿದ್ದರು. ಗುಂಡು ತೀರಿಕೊಂಡು ಬಹಳ ಕಾಲವಾಗಿತ್ತು. ಈಗ ಒಂದು ಟಿವಿ ಚಾನೆಲ್ ಅವರ ಕಥೆಯನ್ನೇ ಸೀರಿಯಲ್ ಮಾಡುತ್ತಿತ್ತು. ಕಲಿಸಿಕೊಡಲು ಅಪ್ಪನನ್ನು ಕರೆದಾಗ ಆತ ಮಂಡಿ ತೋರಿಸಿ, "ಮೆಟ್ಟಿಲು ಹತ್ತೋಕಾಗಲ್ಲ. ಮಗಳನ್ನ ಕರ್ಕೊಂಡು ಹೋಗಿ. ಆರು ವರ್ಷದವಳಿದ್ದಾಗಿಂದ ಮನೇಲಿ ನಂಗೆ ಗುಂಡು ಇವಳೇ," ಎಂದಿದ್ದ.

ಹಾಗೆ ಅವಳು ದಿನಾ ಬೆಳಿಗ್ಗೆ ಗುಂಡು ಆದಳು. ಆ ನಟ ಕಡ್ಡಿಯಾದ.

ಮೊದಲು ಕೂಲಿಯವನ ಪ್ರಹಸನ. ರೈಲಿಗೆ ಹೊರಟ ಕಡ್ಡಿ ಕೈಗಡಿಯಾರ ನೋಡುತ್ತಾ, ಕೂಲಿಯಾದ ಗುಂಡುವನ್ನು ಕೇಳಬೇಕು: "ಬಂದು ಎಷ್ಟು ಹೊತ್ತಾಯ್ತು?"

"ಒಂದು ಟ್ರಂಕು ಹೊತ್ತಾಯ್ತು ಸ್ವಾಮಿ, ಇನ್ನೊಂದು ಹೊರಬೇಕು."

"ಅಯ್ಯೋ, ನಾನು ಕೇಳಿದ್ದು ಹೊತ್ತು!"

"ನಾನು ಹೇಳಿದ್ದೂ ಹೊತ್ತೇ!"

"ನಿನ್ನ ಹತ್ರ ಮಾತಾಡೋಕೆ ನಂಗೆ ಹೊತ್ತಿಲ್ಲ!"

"ಅದು ನಿಜ. ನೀವೆಲ್ಲಿ ಹೊತ್ತಿದ್ದೀರಿ? ಹೊತ್ತಿರೋದೆಲ್ಲ ನಾನು."

ನಟ ಕಣ್ಣು ಕೆಂಪಗೆ ಮಾಡಿ, ಹಲ್ಲು ಕಡಿದು ಸಿಟ್ಟು ತೋರಿಸಿದ. ಅವಳು ತಲೆಯಾಡಿಸಿದಳು.

"ಸಿಟ್ಟು ಅಷ್ಟು ಬೇಗ ಬರಬಾರದು. ಈ ಸಲ ಇವನಿಗೆ ಅರ್ಥ ಆಗತ್ತೆ ಅಂತ ಪ್ರತಿ ಸಲ ನಂಬಬೇಕು. ನಂಬಿ, ಕಾಯಬೇಕು. ಜನ ನಗ್ತಾರೆ. ನಗು ಏರುವಾಗ ಸುಮ್ಮನಿರಿ. ಇಳಿಯೋಕೆ ಶುರುವಾಯ್ತು ಅನ್ನುವಾಗ ಮುಂದಿನ ಮಾತು."

"ಎಲ್ಲಿ ನೋಡ್ತಾ ಕಾಯಲಿ?"

"ಗುಂಡುನ. ಬೇರೆಲ್ಲೂ ಅಲ್ಲ."

ಆತ ನೋಡಿದ. ಅವಳು ಟ್ರಂಕಿನ ಹಿಡಿಯನ್ನು ಸುಮ್ಮನೆ ಒಮ್ಮೆ ಸರಿಪಡಿಸಿದಳು.

ಕೆನ್ನೆ ಏಟಿನ ಪಾಠದ ದಿನ ಆತನ ಕೈಯೇ ಏಳಲಿಲ್ಲ.

"ಕೆನ್ನೆಗೆ ತಾಗೋದೇ ಇಲ್ಲ ಇದು," ಎಂದಳು. "ನಿಮ್ಮ ಕೈ ಮುಖದ ಮುಂದೆ ಹಾದುಹೋಗತ್ತೆ. ಸದ್ದು ನನ್ನ ಚಪ್ಪಾಳೆದು, ಸೊಂಟದ ಹತ್ರ. ಎಲ್ಲಾ ಇರೋದು ಏಟು ತಿನ್ನೋನ ಕೈಲೇ."

ಹತ್ತನೇ ಸಲಕ್ಕೆ ಕೈ ಬೀಸಿದ. ಗಾಳಿ ಅವಳ ಮುಂಗುರುಳನ್ನು ಎತ್ತಿತು. ಫಟ್ ಎಂದು ಸದ್ದಾಯಿತು. ಅವಳೇ ಚಪ್ಪಾಳೆ ಹೊಡೆದದ್ದು ಗೊತ್ತಿದ್ದೂ ಆತ ಗಾಬರಿಯಾಗಿ, "ತಾಗಿತಾ?" ಎಂದ.

"ಇಲ್ಲ," ಎಂದಳು. ಆ ದಿನವೆಲ್ಲ ಆ ಕೆನ್ನೆಯ ಮೇಲೆ ಅವಳಿಗೆ ಗಮನವಿತ್ತು.

ಬಿಡುವಿನಲ್ಲಿ ಇಬ್ಬರೂ ಗೋಡೆಗೆ ಒರಗಿ ನೆಲದ ಮೇಲೆ ಟೀ ಕುಡಿಯುತ್ತಿದ್ದರು. ಆತನಿಗೆ ನಲವತ್ತಾರು. ಮದುವೆಯೊಂದು ಮೂರು ವರ್ಷ ನಡೆದು ಮುಗಿದಿತ್ತು. "ಜಗಳ ಏನಿಲ್ಲ. ನಾನು ಮನೇಲೂ ಪಾತ್ರ ಮಾಡ್ತೀನಿ ಅಂತಿದ್ಲು. ನಿಜಾನೂ ಇರಬಹುದು." ಇಪ್ಪತ್ತೆರಡು ವರ್ಷಗಳಲ್ಲಿ ಸಿಕ್ಕ ಪಾತ್ರಗಳನ್ನು ಬೆರಳು ಮಡಚಿ ಹೇಳಿದ: ಇನ್ಸ್‌ಪೆಕ್ಟರ್, ಡಾಕ್ಟರ್, ನಾಯಕಿಯ ಮಾವ, ಆರು ಸಲ ಹೆಣ.

"ಹೆಣದ ಪಾತ್ರ ಸುಲಭ ಅಲ್ವಾ?"

"ಮಲಗೋಕೆ ಸಿಗತ್ತೆ," ಎಂದ ಆತ. ಅವಳು ಟೀ ಚೆಲ್ಲಿಕೊಂಡಳು.

ಎಂಟನೇ ದಿನ ಗುಂಡು ಪಾತ್ರದ ದೊಡ್ಡ ನಟ ಸ್ಟುಡಿಯೋಗೆ ಬಂದ. ತನ್ನ ಜೋಕಿಗೆ ತಾನೇ ಮೊದಲು ನಕ್ಕ, ಕ್ಯಾಮೆರಾಗೆ ಕಣ್ಣು ಹೊಡೆದ, ಕಡ್ಡಿಯ ಮಾತು ಮುಗಿಯುವ ಮೊದಲೇ ತನ್ನದನ್ನು ತೂರಿಸಿದ. ಮಧ್ಯಾಹ್ನ ಎರಡಕ್ಕೆ ಬೇರೆ ಶೂಟಿಂಗ್ ಇದೆಯೆಂದು ಹೊರಟೇಹೋದ. ಕಡ್ಡಿಯ ಕ್ಲೋಸಪ್‌ಗಳೆಲ್ಲ ಬಾಕಿ. ಗುಂಡುವಿನ ಮಾತುಗಳನ್ನು ಸಹಾಯಕನೊಬ್ಬ ದಿನಸಿ ಪಟ್ಟಿ ಓದುವಂತೆ ಓದಿದ. ನಾಲ್ಕು ಟೇಕ್ ಹಾಳಾದವು.

"ಮೇಡಂ," ಎಂದು ನಿರ್ದೇಶಕಿ ಅವಳತ್ತ ತಿರುಗಿದಳು. "ನೀವು ಕ್ಯಾಮೆರಾ ಪಕ್ಕ ನಿಂತ್ಕೊಂಡು ಮಾಡ್ತೀರಾ? ನಿಮ್ಮ ಮುಖ, ದನಿ ಯಾವುದೂ ಬರಲ್ಲ. ಅವರಿಗೆ ನೋಡೋಕೆ ಒಬ್ಬ ಗುಂಡು ಬೇಕು, ಅಷ್ಟೇ."

ಅಳತೆ ಟೇಪು ಕೊರಳಲ್ಲಿದ್ದ ಹಾಗೆಯೇ ಅವಳು ನಿಂತಳು. ಕಾಣದ ಟ್ರಂಕೊಂದನ್ನು ತಲೆಗೇರಿಸಿಕೊಂಡಳು. ಸೊಂಟ ಒಂದು ಕಡೆ ವಾಲಿತು, ತುಟಿ ಜೋತುಬಿತ್ತು. ಲೈಟ್ ಹಿಡಿದವರು ನಗು ತಡೆಯಲು ಬಾಯಿಗೆ ತೋಳು ಅಡ್ಡ ಇಟ್ಟುಕೊಂಡರು.

"ನೀವೆಲ್ಲಿ ಹೊತ್ತಿದ್ದೀರಿ? ಹೊತ್ತಿರೋದೆಲ್ಲ ನಾನು."

ಆತ ಕಾದ. ಅಷ್ಟು ಜನರ ನಡುವೆ, ಅಷ್ಟು ಬೆಳಕಿನಲ್ಲಿ, ಅವಳೊಬ್ಬಳನ್ನೇ ನೋಡುತ್ತಾ ಕಾದ. ಸಿಡುಕು ಹುಬ್ಬಿನವರೆಗೆ ಬಂದು ಅಲ್ಲೇ ಕರಗಿತು. ಇವಳಿಂದ ಪಾರಾಗುವ ದಾರಿ ಗೊತ್ತಿದ್ದೂ ಹೊರಟುಹೋಗಲು ಮನಸ್ಸಿಲ್ಲದವನ ಕಣ್ಣು ಅದು. ಅವಳಿಗೆ ಮುಂದಿನ ಮಾತು ಮರೆತೇಹೋಯಿತು.

"ಕಟ್! ಇದು ನೋಡಿ, ಇದು ನಂಗೆ ಬೇಕಿದ್ದಿದ್ದು!" ಎಂದು ನಿರ್ದೇಶಕಿ ಕೂಗಿದಳು.

ಕಾರಿಡಾರ್‌ನಲ್ಲಿ ಆತ ಅವಳ ಹಿಂದೆಯೇ ಬಂದು ಸೇರಿದ.

"ಚೆನ್ನಾಗಿ ಮಾಡಿದ್ರಿ," ಎಂದಳು ಅವಳು, ಚೀಲದ ಜಿಪ್ ಎಳೆಯುತ್ತಾ.

"ಮಾಡ್ಲಿಲ್ಲ ನಾನು."

"ನಟರು ನೀವು. ನಂಬಿ ನೋಡಿ ಅಂತ ನಾನೇ ಹೇಳಿಕೊಟ್ಟೆ. ಚೆನ್ನಾಗಿ ಕಲಿತಿದ್ದೀರಿ. ಅದಕ್ಕಿಂತ ಜಾಸ್ತಿ ಅಂದ್ಕೊಳ್ಳೋ ವಯಸ್ಸಲ್ಲ ನಂದು."

ಆತ ಏನು ಹೇಳಿದರೂ ಅದು ಡೈಲಾಗಿನ ಹಾಗೆ ಕೇಳಿಸುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಅವಳ ಕೆಲಸ ಅಂದಿಗೆ ಮುಗಿದಿತ್ತು. ಬಸ್ಸಿನಲ್ಲಿ ಕಿಟಕಿ ಗಾಜಿಗೆ ತಲೆಯಿಟ್ಟು ಮನೆಗೆ ಬಂದಳು.

"ಯಾಕೆ ಪುಟ್ಟಿ, ಮುಖ ಇಸ್ತ್ರಿ ಕಾಣದ ಬಟ್ಟೆ ಆಗಿದೆ?" ಎಂದ ಅಪ್ಪ.

ಚೀಲ ಮೂಲೆಗಿಟ್ಟು ಅವಳು ಕೇಳಿದಳು: "ಅಪ್ಪಾ, ಸ್ಟೇಜ್ ಮೇಲೆ ಗುಂಡು ಮಾಮನ್ನ ಹಾಗೆ ನೋಡ್ತಿದ್ಯಲ್ಲ, ಅದು ನಟನೆನಾ?"

ಅಪ್ಪ ಮಂಡಿ ನೀವಿಕೊಂಡ. "ನಾನೂ ಹಾಗೇ ಅಂದ್ಕೊಂಡಿದ್ದೆ ಕಣೇ. ಅವನು ಹೋದ್ಮೇಲೆ ಇನ್ನಿಬ್ಬರ ಜೊತೆ ಮಾಡಿ ನೋಡ್ದೆ. ಇಬ್ಬರೂ ಒಳ್ಳೆಯವರೇ. ಆದ್ರೆ ಆ ನೋಟ ಬರಲೇ ಇಲ್ಲ."

ಅವಳು ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿದ್ದ ಪಾತ್ರೆಯನ್ನು ಮತ್ತೆ ತೊಳೆದಳು.

ಅದಾದ ಮೂರನೆಯ ದಿನ ಮಧ್ಯಾಹ್ನ ಆತ ಅವಳ ಅಂಗಡಿಗೆ ಬಂದ. ಕೈಯಲ್ಲಿ ಒಂದು ಪ್ಯಾಂಟು.

"ಎರಡು ಇಂಚು ಉದ್ದ ಬಿಡಬೇಕಿತ್ತು."

"ನಿಮಗಿಂತ ಮುಂಚೆ ಇಬ್ಬರದು ಇದೆ. ಕೂತ್ಕೊಳ್ಳಿ."

ಬೆಂಚಿನ ಮೇಲೆ ಕೂತ. ಮೆಷಿನ್ ಕಟಕಟ ಓಡಿತು. ಮೊದಲ ಬಟ್ಟೆಯ ಅಂಚು ಮುಗಿಸಿ ಅವಳು ತಲೆಯೆತ್ತಿದಾಗ ಆತ ಗೋಡೆಗೊರಗಿ ನಿದ್ದೆ ಹೋಗಿದ್ದ. ಬಾಯಿ ಅರ್ಧ ತೆರೆದಿತ್ತು. ಒಂದು ಕಡೆ ಕೆನ್ನೆ ಜೋತು ನೆರಿಗೆ ಬಿದ್ದಿತ್ತು. ಬಣ್ಣ ಹಚ್ಚದ ಕೂದಲು ಕಿವಿಯ ಹಿಂದೆ ಬೆಳ್ಳಗಿತ್ತು. ಸಣ್ಣಗೆ ಗೊರಕೆ. ಯಾರಿಗೂ ಏನನ್ನೂ ತೋರಿಸಬೇಕಿಲ್ಲದ ಮುಖ. ಎಂಟು ದಿನ ಎದುರಿಗೇ ನಿಂತರೂ ಅವಳು ಅದನ್ನು ನೋಡಿರಲಿಲ್ಲ. ಅವಳ ಕಾಲು ಪೆಡಲ್ ಮೇಲೆ ತಾನಾಗಿ ನಿಂತಿತು.

ಸದ್ದು ನಿಂತ ಕೂಡಲೇ ಆತನಿಗೆ ಎಚ್ಚರವಾಯಿತು.

"ನಿಲ್ಲಿಸಬೇಡಿ," ಎಂದ, ಇನ್ನೂ ಎಲ್ಲಿದ್ದೇನೆಂದು ತಿಳಿಯದೆ. ಆಮೇಲೆ ಅವಳನ್ನು ನೋಡಿ ನೆಟ್ಟಗೆ ಕೂತ. "ಕ್ಷಮಿಸಿ. ನಿಮಗೆ ಹೇಳೋಕೆ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಎಲ್ಲಾ ಮರೆತುಹೋಯ್ತು."

"ಒಳ್ಳೇದೇ ಆಯ್ತು," ಎಂದಳು. "ಬಾಯಿಪಾಠ ಮಾಡದೇ ಇದ್ದಿದ್ದು ಏನಾದ್ರೂ ಇದ್ರೆ ಹೇಳಿ."

ಆತ ತನ್ನ ಅಂಗೈ ನೋಡಿಕೊಂಡ.

"ಸುಸ್ತಾಗಿದೆ ನಂಗೆ. ವರ್ಷಗಟ್ಟಲೆಯ ಸುಸ್ತು. ಬೇರೆಯವರ ಮುಂದೆ ಅದನ್ನ ಮುಚ್ಚಿಡಬೇಕು. ನಿಮ್ಮ ಪಕ್ಕ ಕೂತಾಗ ಬೇಕಾಗಲ್ಲ. ಇನ್ನು ಮುಂದೆ ಎಷ್ಟು ಸುಸ್ತಾದ್ರೂ ನಿಮ್ಮ ಪಕ್ಕದಲ್ಲೇ ಆಗಬೇಕು ಅನ್ನಿಸತ್ತೆ. ಇಷ್ಟೇ. ಇದನ್ನ ಚೆನ್ನಾಗಿ ಹೇಳೋಕೆ ನಂಗೆ ಬರಲ್ಲ."

ಅವಳು ಮೆಷಿನ್ ಬಿಟ್ಟು ಎದ್ದಳು. ಬೆಳಿಗ್ಗೆಯಿಂದ ಬಗ್ಗಿದ್ದ ಸೊಂಟ ಹಿಡಿದುಕೊಂಡಿತ್ತು. ಒಂದು ಕೈ ಅದರ ಮೇಲಿಟ್ಟುಕೊಂಡೇ ನಡೆದು ಬಂದಳು.

"ಸ್ವಲ್ಪ ಸರ್ಕೊಳ್ಳಿ," ಎಂದಳು.

ಆತ ಸರಿದ. ಅವಳು ಪಕ್ಕದಲ್ಲಿ ಕೂತು ಗೋಡೆಗೆ ಬೆನ್ನು ಕೊಟ್ಟು, ಚಪ್ಪಲಿ ಕಳಚಿ ಕಾಲು ಚಾಚಿದಳು. ಭುಜಕ್ಕೆ ಭುಜ ತಾಗಿತು. ಇಬ್ಬರೂ ದೂರ ಸರಿಯಲಿಲ್ಲ.

ಹೆಂಗಸೊಬ್ಬಳು ಬ್ಲೌಸಿನ ಗಂಟು ಹಿಡಿದು ಬಾಗಿಲಿಗೆ ಬಂದು, ಇಬ್ಬರನ್ನೂ ನೋಡಿ ತಡೆದು ನಿಂತಳು. "ಟೈಲರಕ್ಕ, ಅಂಗಡಿ ಇದೆಯಾ?"

"ಇದೆಯಮ್ಮಾ," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಅರ್ಧ ಗಂಟೆ ಬಿಟ್ಟು ಬನ್ನಿ."