ಕಪ್ಪು ವಾರ್ನಿಶ್

ತೃಪ್ತಿ ನನ್ನನ್ನು ಮೊದಲು ನೋಡಿದ್ದು ಯೂಟ್ಯೂಬಿನಲ್ಲಿ, ನಾನು ಸುಳ್ಳು ಹೇಳುತ್ತಿದ್ದಾಗ. ನಾನು ಅವಳನ್ನು ಮೊದಲು ನೋಡಿದ್ದು ಕಾರ್ಕಳದ ನಮ್ಮ ಮನೆಯ ಜಗಲಿಯಲ್ಲಿ. ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಸುಳ್ಳೆಂದು ಆಗ ನನಗೂ ಗೊತ್ತಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಾರವಿಡೀ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಭಾನುವಾರ ಆಡಿಯೋ ಸಾಮಾನು ಬಿಚ್ಚಿ, ಒಳಗೆ ಏನಿದೆ ಎಂದು ಕನ್ನಡದಲ್ಲಿ ವಿಡಿಯೋ ಮಾಡುತ್ತೇನೆ. ಗೆಳೆಯನೊಬ್ಬ ಹೂಡೆ ಎಂಬ ಊರಿನಲ್ಲಿ ಯಾರೋ ಕೈಯಿಂದ ಮಾಡಿದ ಡ್ಯಾಕ್ ತಂದುಕೊಟ್ಟಿದ್ದ. ಫೋನಿನಲ್ಲಿ ಹಾಡು ಬರೀ ಅಂಕೆಗಳಾಗಿ ಇರುತ್ತದಲ್ಲ, ಅದನ್ನು ಸ್ಪೀಕರಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡುವ ಪೆಟ್ಟಿಗೆ ಅದು. ಬಿಚ್ಚಿದೆ. ಟ್ರಾನ್ಸ್‌ಫಾರ್ಮರ್ ಒಳ್ಳೆಯದು, ಕೆಪಾಸಿಟರ್‌ಗಳು ಅಸಲಿ, ಬೆಸುಗೆಯಂತೂ ನನ್ನ ವಿದ್ಯಾರ್ಥಿಗಳಿಗೆ ತೋರಿಸುವಷ್ಟು ಚೆಂದ. ಆದರೆ ನಡುವಿನ ಮುಖ್ಯ ಚಿಪ್ಪಿನ ಮೇಲೆ ದಪ್ಪಗೆ ಕಪ್ಪು ವಾರ್ನಿಶ್. ನಂಬರ್ ಕಾಣುತ್ತಿರಲಿಲ್ಲ. "ಅಗ್ಗದ ಚಿಪ್ ಹಾಕಿ ಮಸಿ ಬಳಿದು ಮುಚ್ಚಿದ್ದಾರೆ" ಎಂದು ಕ್ಯಾಮೆರಾದ ಮುಂದೆ ನಕ್ಕೆ. ನಲವತ್ತು ಸಾವಿರ ಜನ ನೋಡಿದರು.

ಮುಂದಿನ ಭಾನುವಾರ ಅವಳು ಎರಡು ಬಸ್ಸು ಹತ್ತಿಳಿದು ಬಂದಿದ್ದಳು.

"ಯಶ್ವಂತ್ ನೀವೇ ಅಲ್ವಾ? ನಾನು ತೃಪ್ತಿ. ಆ ಡ್ಯಾಕ್ ಮಾಡಿದವಳು. ಎಲ್ಲುಂಟು ಅದು? ತೆಗೀರಿ, ಇನ್ನೊಮ್ಮೆ ನೋಡುವ."

ನಮ್ಮಿಬ್ಬರ ಮನೆಮಾತೂ ತುಳು. ನಾನು ತುಳುವಿನಲ್ಲಿ ಕೂತುಕೊಳ್ಳಲು ಹೇಳಿದರೆ ಅವಳು ಕನ್ನಡದಲ್ಲೇ ಬೇಡ ಎಂದಳು. ಬ್ಯಾಂಕಿನ ಮ್ಯಾನೇಜರ್ ಹತ್ತಿರ ಮಾತಾಡುವ ಕನ್ನಡ ಅದು. ಅಮ್ಮ ಬೆಲ್ಲ, ನೀರು ತಂದಿಟ್ಟರು. ಕೆಲಸ ಮುಗಿಯಲಿ ಎಂದು ಅದನ್ನೂ ಮುಟ್ಟಲಿಲ್ಲ. ಮನೆಗೆ ಬಂದವರು ಬಾಯಾರಿಕೆಗೆ ಕೊಟ್ಟದ್ದು ಬೇಡವೆಂದರೆ ಸಿಟ್ಟು ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಅಮ್ಮ ನನ್ನನ್ನೇ ದುರುಗುಟ್ಟಿ ನೋಡಿದರು.

ಮೇಜಿನ ಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ಚೀಲದಿಂದ ಥಿನ್ನರ್ ಬಾಟಲಿ, ಹತ್ತಿ ಹೊರಗೆ ಬಂತು. ಹತ್ತಿ ಅದ್ದಿ ಚಿಪ್ಪನ್ನು ಒರೆಸತೊಡಗಿದಳು, ಮಗುವಿನ ಮೂಗು ಒರೆಸುವಷ್ಟು ಮೆಲ್ಲಗೆ. ಹೆಬ್ಬೆರಳ ಬುಡದಲ್ಲಿ ಬೆಸುಗೆ ಕಡ್ಡಿ ತಾಗಿದ ಹಳೆಯ ಕಲೆ. ಕೆನ್ನೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಸರಿಸಲು ನೋಡಿದಳು, ಅದು ಮತ್ತೆ ಬಿತ್ತು. ನಾನು ಚಿಪ್ಪನ್ನು ನೋಡಬೇಕಿತ್ತು. ನೋಡುತ್ತಿದ್ದುದು ಆ ಕೂದಲನ್ನು.

"ಇಲ್ಲಿ ನೋಡಿ," ಎಂದಳು. ನಾನು ನೋಡುತ್ತಿದ್ದುದು ಅವಳಿಗೆ ಗೊತ್ತಾಗಿತ್ತೆಂದು ಕಾಣುತ್ತದೆ.

ಭೂತಗನ್ನಡಿ ಹಿಡಿದು ಓದಿದೆ. ಅವಳು ಪೆಟ್ಟಿಗೆಯ ಮೇಲೆ ಬರೆದಿದ್ದ ಅದೇ ನಂಬರ್, ಅದೇ ಒಳ್ಳೆಯ ಚಿಪ್. ಮತ್ತೆ ಮುಚ್ಚಿದ್ದು ಯಾಕೆ ಎಂದು ಕೇಳಿದೆ.

"ಹೂಡೆಯಲ್ಲಿ ನಮ್ಮ ಮನೆಯಿಂದ ಕಡಲಿಗೆ ನೂರು ಹೆಜ್ಜೆ. ವಾರ್ನಿಶ್ ಇಲ್ಲದಿದ್ರೆ ಒಂದೇ ಮಳೆಗಾಲಕ್ಕೆ ಚಿಪ್ಪಿನ ಕಾಲು ಹಸಿರು ಹಿಡೀತದೆ. ಅಪ್ಪ ಬೋಟಿನ ವೈರ್‌ಲೆಸ್ಸಿಗೆಲ್ಲ ಬಳಿಯುವುದು ಇದನ್ನೇ."

ಉಪ್ಪು ಗಾಳಿ! ಕಾರ್ಕಳದ ಬಂಡೆಗಳ ನಡುವೆ ಬೆಳೆದ ನನಗೆ ಅದು ಹೊಳೆದೇ ಇರಲಿಲ್ಲ. ಅವಳ ಅಪ್ಪ ಕಿಟ್ಟಣ್ಣ ಮೂವತ್ತು ವರ್ಷ ಮಲ್ಪೆಯ ಬೋಟುಗಳ ವೈರ್‌ಲೆಸ್ ರಿಪೇರಿ ಮಾಡಿದವರು. ಈಗ ಬಂದರಿನಲ್ಲಿ ವಿಡಿಯೋ ನೋಡಿದ ಹುಡುಗರು, ಮಗಳಿಗೆ ಮಸಿ ಬಳಿಯಲು ನೀವೇ ಕಲಿಸಿದ್ದಾ ಎಂದು ತಮಾಷೆ ಮಾಡುತ್ತಿದ್ದರಂತೆ. ಅವರು ಐದು ದಿನದಿಂದ ಬಂದರಿಗೇ ಹೋಗಿರಲಿಲ್ಲ. ಇದನ್ನು ಹೇಳುವಾಗ ಅವಳು ಮತ್ತೆ ಹತ್ತಿ ತೆಗೆದುಕೊಂಡು, ಆಗಲೇ ಶುಚಿಯಾಗಿದ್ದ ಚಿಪ್ಪನ್ನು ಇನ್ನೊಮ್ಮೆ ಒರೆಸಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ತಪ್ಪಾಯಿತು ಎಂದೆ.

"ನನ್ನ ಹತ್ರ ಬೇಡ. ನಕ್ಕ ಜಾಗದಲ್ಲಿ ಹೇಳಿ."

ಅಲ್ಲೇ ಕ್ಯಾಮೆರಾ ಇಟ್ಟೆ. ನನ್ನ ತಪ್ಪನ್ನು ಬಿಡಿಸಿ ಹೇಳಿದೆ, ಕಿಟ್ಟಣ್ಣನ ಹೆಸರು ಹೇಳಿ ಕ್ಷಮೆ ಕೇಳಿದೆ. ಚೌಕಟ್ಟಿನಲ್ಲಿ ಅವಳ ಕೈ ಮಾತ್ರ ಕಾಣುತ್ತಿತ್ತು. ಮುಗಿದ ಮೇಲೆ, ಬೆಸುಗೆ ಚೆಂದ ಉಂಟು ಅಂದದ್ದನ್ನೂ ಇನ್ನೊಮ್ಮೆ ಹೇಳಬಹುದಿತ್ತು ಎಂದು ಗಂಭೀರವಾಗಿಯೇ ಹೇಳಿದಳು. ತುಟಿಯ ತುದಿ ಮಾತ್ರ ಮೇಲೆ ಹೋಗಿತ್ತು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, ತುಳುವಿನಲ್ಲಿ ಅಮ್ಮನ ಹತ್ತಿರ ನೀರು ಕೇಳಿದಳು. ನನಗೆ ಹೋದ ಜೀವ ಬಂದ ಹಾಗಾಯಿತು.

ಕಿಟ್ಟಣ್ಣ ಮರುವಾರ ಬಂದರಿಗೆ ಹೋದರು. ನನ್ನ ಗೆಳೆಯನಿಗೆ ಅವಳು ಹೊಸ ಡ್ಯಾಕ್ ಕೊಟ್ಟಳು. ವಾರ್ನಿಶ್ ಒರೆಸಿದ್ದು ನನ್ನ ಮೇಜಿನ ಮೇಲೆ ಉಳಿಯಿತು, ಅದನ್ನು ನೋಡುವ ನೆಪದಲ್ಲಿ ಅವಳು ಮೂರು ಭಾನುವಾರ ಬಂದಳು. ನಾನು ಹಾಕಿದ ಬೆಸುಗೆ ನೋಡಿ ನಗುವುದು, ಅಮ್ಮನ ಬನ್ಸ್ ತಿನ್ನುವುದು, ಐದರ ಬಸ್ಸಿಗೆ ಹೋಗುವುದು. ಬಸ್ಸು ಹೋದ ಮೇಲೆ ನನಗೆ ಆ ಮನೆಯಲ್ಲಿ ಇರಲಿಕ್ಕೇ ಆಗುತ್ತಿರಲಿಲ್ಲ. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಿದ್ದೆ. ಚಾನೆಲಿನಲ್ಲಿ ಬಾಯಿಗೆ ಬಂದದ್ದು ಹೇಳುವವನಿಗೆ ಇದೊಂದು ಬಾಯಿಗೆ ಬರುತ್ತಿರಲಿಲ್ಲ.

ನಾಲ್ಕನೆಯ ಭಾನುವಾರ ಅವಳು ಕಪ್ಪು ವಾರ್ನಿಶಿನ ಬಾಟಲಿ, ಸಣ್ಣ ಬ್ರಶ್ ತಂದಳು. ಪೆಟ್ಟಿಗೆಯ ಮುಚ್ಚಳ ತೆಗೆದು ಬ್ರಶ್ ಕೈಗೆತ್ತಿಕೊಂಡಳು. ಆಮೇಲೆ ನಾವು ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಕಾರ್ಕಳದಲ್ಲೇ ಇರುವುದಾದ್ರೆ ಬಳಿಯುವುದು ಬೇಡ," ಎಂದಳು.

"ಹೂಡೆಗೆ ಬರುವುದಾದ್ರೆ?"

"ಬಳಿಯಲೇಬೇಕು."

"ಹಾಗಾದ್ರೆ ಬಳಿ," ಎಂದೆ. ಏಕವಚನ ತಾನಾಗಿಯೇ ಬಂದಿತ್ತು. "ಅದರ ಜೊತೆ ನಾನೂ ಬರ್ತೇನೆ. ನೀನಿಲ್ಲದೆ ನನಗೆ ಇಲ್ಲಿ ಆಗುವುದಿಲ್ಲ ತೃಪ್ತಿ."

ಅವಳು ತಲೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು. ಐಟಿಐ ಕೆಲಸಕ್ಕೆ ಏನು ಮಾಡುವುದೆಂದು ಕೇಳಿದಳು. ಹೂಡೆಯಿಂದಲೇ ದಿನಾ ಹೋಗಿಬರುತ್ತೇನೆ, ಎರಡು ಬಸ್ಸಲ್ಲವೇ, ನೀನು ಬರುತ್ತಿಲ್ಲವೇ ಎಂದೆ.

ಬ್ರಶ್ ಅದ್ದಿ, ಚಿಪ್ಪಿನ ಒಂದೊಂದೇ ಕಾಲಿಗೆ ವಾರ್ನಿಶ್ ಬಳಿದಳು. ನಂಬರನ್ನು ಮಾತ್ರ ಹಾಗೆಯೇ ಬಿಟ್ಟಳು. ಇನ್ನೊಮ್ಮೆ ನಾನು ಏನಾದರೂ ಹೇಳುವುದು ಬೇಡವಂತೆ. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ನನ್ನನ್ನು ನೇರ ನೋಡಿದಳು.

"ಒಣಗಲಿಕ್ಕೆ ಒಂದು ದಿನ ಬೇಕು. ನಾಳೆ ಸಂಜೆ ತೆಗೊಂಡು ಬಾ. ಅಪ್ಪ ಮನೆಯಲ್ಲೇ ಇರ್ತಾರೆ."