ಕೀಲಿ ನೋಡದ ಕೈ

"ಟೀಚರಮ್ಮಾ, ಮಾವನಿಗೆ ನಾನೇ ವಿಷ ಹಾಕಿದೆ ಅಂತಿದಾರೆ. ಇವತ್ತೇ ಕರ್ಕೊಂಡ್ಹೋಗ್ತಾರಂತೆ!"

ಡಿಟಿಪಿ ಅಂಗಡಿ ಯಜಮಾನರ ಸೊಸೆ ನಮ್ಮ ಹೊಸ್ತಿಲಲ್ಲೇ ಕುಸಿದಳು. ನನ್ನ ಅಕ್ಕ ನಲವತ್ತು ವರ್ಷ ಟೈಪಿಂಗ್ ಕಲಿಸಿದವಳು. ಪೊಲೀಸರಿಗೂ ಬಿಡಿಸಲಾಗದ ಎಷ್ಟೋ ಗಂಟುಗಳನ್ನು ಅವಳು ಬಿಡಿಸಿದ್ದನ್ನು ಕಂಡಿದ್ದೇನೆ. ಆದರೂ ಅಂದು ನನಗೆ ಹೆದರಿಕೆಯಾಯಿತು.

ಅಂಗಡಿಯ ಹಿಂಬಾಗಿಲ ಪಕ್ಕದ ಒಳಕೋಣೆಯಿಂದ ಯಜಮಾನರ ಶವ ಸಾಗಿಸಿಯಾಗಿತ್ತು. ಅರ್ಧ ಕುಡಿದ ಕಾಫಿ ಲೋಟ ಇನ್ನೂ ಅಲ್ಲೇ ಇತ್ತು. ಕಂಪ್ಯೂಟರ್ ಪರದೆಯ ಮೇಲೆ ಒಂದೂ ತಪ್ಪಿಲ್ಲದ ಆರು ಸಾಲುಗಳಿದ್ದವು. 'ನಾನು ಸತ್ತರೆ ಸೊಸೆಯೇ ಕಾರಣ' ಎಂಬುದು ಮೊದಲ ಸಾಲು.

"ಬರೆದಿದ್ದು ಯಜಮಾನರೇ," ಎಂದರು ಇನ್‌ಸ್ಪೆಕ್ಟರ್. "ಕಂಪ್ಯೂಟರಲ್ಲಿ ಕೀಬೋರ್ಡನ್ನ ಹಳೇ ಟೈಪ್‌ರೈಟರಿನ ಅಕ್ಷರ ಜೋಡಣೆಗೆ ಇಟ್ಟಿದೆ. ಸೊಸೆಗೂ ಇಲ್ಲಿ ಕೆಲಸಕ್ಕಿರೋ ಆಪರೇಟರಮ್ಮನಿಗೂ ಬರೋದು ಹೊಸ ಜೋಡಣೆ ಮಾತ್ರ."

"ಅಣ್ಣ ಕೊನೇವರೆಗೂ ಹಳೇದ್ರಲ್ಲೇ ಹೊಡೆದ," ಎಂದು ಯಜಮಾನರ ತಮ್ಮ ಕಣ್ಣೊರೆಸಿಕೊಂಡ. ಅಂಗಡಿ ಸೊಸೆಗೇ ಎಂದು ಅಣ್ಣ ಹೇಳಿದಾಗಿನಿಂದ ಈತ ಇತ್ತ ಕಾಲಿಟ್ಟಿರಲಿಲ್ಲವೆಂದು ಆಪರೇಟರಮ್ಮ ನನ್ನ ಕಿವಿಯಲ್ಲಿ ಉಸುರಿದಳು.

ಅಕ್ಕ ಮೂಗು ತಾಗುವಷ್ಟು ಬಗ್ಗಿ ಕೀಬೋರ್ಡು ನೋಡಿದಳು. ಪ್ರತಿ ಕೀಲಿಯ ಮೇಲೂ ಕೈಯಲ್ಲಿ ಅಕ್ಷರ ಬರೆದ ಪುಟ್ಟ ಚೀಟಿ ಅಂಟಿಸಿತ್ತು. ಡ್ರಾಯರಿನಲ್ಲಿ ನರರೋಗದ ಡಾಕ್ಟರರ ಔಷಧಿ ಚೀಟಿ ಸಿಕ್ಕಿತು. ಅದನ್ನು ಓದಿ ಎಲ್ಲರನ್ನೂ ಅಲ್ಲೇ ಕೂರಿಸಿದಳು.

"ಈ ಅಕ್ಷರಗಳನ್ನ ಯಾರಿಗೋಸ್ಕರ ಅಂಟಿಸಿದ್ದಮ್ಮಾ?"

"ಮಾವನಿಗೆ. ಬಲಗೈ ಬೆರಳು ಜೋಮು ಹಿಡಿದು ಹಳೇದು ಆಗ್ತಾನೇ ಇರ್ಲಿಲ್ಲ. ಒಂದು ತಿಂಗಳಿಂದ ಎಡಗೈಲಿ, ನೋಡಿ ನೋಡಿ, ಹೊಸದು ಕಲೀತಿದ್ರು."

"ಕೇಳಿದ್ರಾ ಇನ್‌ಸ್ಪೆಕ್ಟರೇ? ಹಳೇ ಜೋಡಣೆ ಅವರ ಬೆರಳಿಗೆ ಗೊತ್ತಿತ್ತು, ತಲೆಗಲ್ಲ. ಬೆರಳು ಹೋದಾಗ ಅದೂ ಹೋಯ್ತು. ಈ ಆರು ಸಾಲು ಹೊಡೆದವನು ಕಂಪ್ಯೂಟರಲ್ಲಿ ಹೊಸ ಜೋಡಣೇನ ಹಳೇದಕ್ಕೆ ಬದಲಾಯಿಸಿದ. ಅಣ್ಣನದು ಅದೇ ಅಲ್ವಾ ಅಂತ ಹಾಗೇ ಬಿಟ್ಟುಹೋದ. ಮೂಗಿನ ಕೆಳಗೇ ಇದ್ದ ಹೊಸ ಜೋಡಣೆಯ ಚೀಟಿಗಳನ್ನ ಕಾಣಲಿಲ್ಲ. ಯಾಕೆಂದ್ರೆ ಅವನು ಕೀಲಿ ನೋಡೋದೇ ಇಲ್ಲ. ಈ ಕೋಣೇಲಿ ಹಳೇದನ್ನ ಹಾಗೆ ಹೊಡೆಯೋರು ಇಬ್ಬರೇ. ಒಬ್ಬಳು ನಾನು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮನ ಎರಡೂ ಕೈ ಜೇಬಿಗಿಳಿದವು.

"ಇನ್ನೊಬ್ಬನಿಗೆ ಕಲಿಸಿದವಳೂ ನಾನೇ," ಎಂದಳು ಅಕ್ಕ. ಅವಳು ತಮ್ಮನ ಎದುರು ಹೋಗಿ ನಿಂತಳು. "ನಿನ್ನ ಕಣ್ಣು ಕೀಲಿಗಿಳಿದ್ರೆ ನಾನು ಸ್ಕೇಲಿಂದ ಹೊಡೀತಿದ್ದೆ. ಹಿಂಬಾಗಿಲಿಂದ ಬಂದ್ಯಾ?"

ಇನ್‌ಸ್ಪೆಕ್ಟರ್ ಬಾಗಿಲಿಗೆ ಅಡ್ಡ ನಿಂತರು. ತಮ್ಮ ಕೂಗಾಡಿದ. "ಅವನ ಬೆರಳು ಹೋಗಿದ್ದು ನನಗೆ ಯಾರು ಹೇಳಿದ್ರು? ಯಾರು ಹೇಳಿದ್ರು?"

ಸೊಸೆ ತಲೆಯೆತ್ತಿದಳು.

"ಮೂರು ಸಲ ಫೋನ್ ಮಾಡಿದ್ದೆ ಚಿಕ್ಕಮಾವ. ನಿಮ್ಮನ್ನ ಒಂದ್ಸಲ ನೋಡ್ಬೇಕು ಅಂತ ಮಾವನೇ ಮಾಡಿಸಿದ್ರು. ನೀವು ಎತ್ತಲಿಲ್ಲ."