ಕಲೇರ ಸಾಹೇಬನ ಕೊನೆಯ ಹಾಳೆ

ಈ ಕತೆ ಹೇಳುವ ಯೋಗ್ಯತೆ ನನಗಿಲ್ಲ. ಸಸ್ಯಶಾಸ್ತ್ರ ಓದಿದವನಲ್ಲ, ಮಾಟ ಮಂತ್ರ ಬಲ್ಲವನೂ ಅಲ್ಲ. ಇಬ್ಬರಿಂದ ಬೇರೆ ಬೇರೆಯಾಗಿ ಕೇಳಿದ್ದನ್ನು ಜೋಡಿಸಿದ್ದೇನೆ; ಜೋಡಿಸುವಾಗ ತಪ್ಪಿರಲೂಬಹುದು. ತೀರಿಹೋದ ಒಬ್ಬ ಬಡವನ ಹೆಸರು ಇದರಲ್ಲಿ ಬರುತ್ತದೆ. ಅವನ ಮನೆಯವರು ನನ್ನನ್ನು ಕ್ಷಮಿಸಬೇಕು.

“ನೋಡೂದಾದ್ರ ನೋಡ್ರಿ, ಮುಟ್ಟೂದಾದ್ರ ಮುಟ್ಟ್ರಿ. ಆದ್ರ ಅದರ ಮ್ಯಾಲ ಹೆಸರು ಮಾತ್ರ ಬರೀಬ್ಯಾಡ್ರಿ” ಎಂದು ಮಹಾದೇವಕ್ಕ ಹೇಳಿದಾಗ ರೇವಣಸಿದ್ಧ ನಕ್ಕುಬಿಟ್ಟ.

೧೯೭೯ರ ಫೆಬ್ರವರಿ. ರೇವಣಸಿದ್ಧ ಮಮದಾಪುರ ವಿಜಾಪುರದ ಕಡೆಯವನು, ಸಸ್ಯಶಾಸ್ತ್ರದ ಅಧ್ಯಾಪಕ. ಯಲವಿಗಿಯಲ್ಲಿ ರೈಲು ಇಳಿದು, ಸವಣೂರಿನಲ್ಲೊಮ್ಮೆ ಶಿಗ್ಗಾಂವಿಯಲ್ಲೊಮ್ಮೆ ಬಸ್ಸು ಬದಲಿಸಿ ತಡಸಕ್ಕೆ ಬಂದಿದ್ದ. ಅರ್ಮಾಂ ಕ್ಲೆರೊ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಜೀವನಚರಿತ್ರೆ ಬರೆಯಬೇಕೆಂಬುದು ಅವನ ಬಹುದಿನದ ಹಂಬಲ. ಔಷಧಿ ಅಂಗಡಿಯವನ ಮಗನಾದ ಕ್ಲೆರೊ ಇಪ್ಪತ್ತಾರನೇ ವಯಸ್ಸಿಗೆ ಮಾಹೆ ಬಂದರಿನಲ್ಲಿ ಇಳಿದಿದ್ದ. ದೂರದ ದ್ವೀಪದಲ್ಲಿದ್ದ ಫ್ರೆಂಚರ ತೋಟಗಳಿಗೆ ಮೆಣಸು, ಏಲಕ್ಕಿ, ದಾಲ್ಚಿನ್ನಿಯ ಸಸಿ ಕಳಿಸುವುದು ಅವನ ಕೆಲಸ. ಘಟ್ಟ ಹತ್ತಿ, ಹಾನಗಲ್ಲ ಸೀಮೆ ದಾಟಿ, ತಡಸದ ಪಡುವಣ ಕಾಡಿಗೆ ಬಂದವನು ಮೂರು ವರ್ಷ ಇಲ್ಲೇ ನಿಂತ; ಊರವರ ಬಾಯಲ್ಲಿ ಕಲೇರ ಸಾಹೇಬನಾದ. ೧೮೨೯ರಲ್ಲಿ ಇಲ್ಲೇ ಸತ್ತ. ತಂಗಿಗೆ ಬರೆದ ಕೊನೆಯ ಪತ್ರದಲ್ಲಿ ಎರಡೇ ಸಾಲು: “ನೀರು ಕುಡಿಯುತ್ತಲೇ ಇದ್ದೇನೆ. ಅದು ನನ್ನನ್ನು ತಲುಪುತ್ತಿಲ್ಲ.” ಕಾಲರಾ ಇರಬೇಕೆಂದು ರೇವಣಸಿದ್ಧ ಟಿಪ್ಪಣಿ ಮಾಡಿಕೊಂಡಿದ್ದ.

ಕ್ಲೆರೊ ಒಣಗಿಸಿಟ್ಟ ಗಿಡಗಳ ಒಂದು ಕಟ್ಟು ತಡಸದ ಮಹಾದೇವಕ್ಕನ ಮನೆಯ ಅಟ್ಟದಲ್ಲಿತ್ತು. ಹುಳ ಬೀಳದಿರಲೆಂದು ಅವಳ ಮನೆತನದವರು ಅದನ್ನು ಬ್ಯಾಡಗಿ ಮೆಣಸಿನಕಾಯಿ ಚೀಲಗಳ ನಡುವೆ ಇಟ್ಟುಕೊಂಡು ಬಂದಿದ್ದರು. ಅಟ್ಟ ಹತ್ತಿದವನಿಗೆ ಮೊದಲು ಬಡಿದದ್ದು ಆ ಘಾಟು. ಕಣ್ಣು ಉರಿದವು, ಸೀನು ಬಂತು. ಹಂಚಿನ ಸಂದಿಯಿಂದ ಇಳಿದ ಒಂದು ಗೀರು ಬಿಸಿಲು ಬಿಟ್ಟರೆ ಎಲ್ಲ ಕತ್ತಲೆ.

“ಸಾಹೇಬ್ರ, ಹುಲ್ಲು ಕಡ್ಡಿಗೆ ಇಷ್ಟು ಅಳಾಕತ್ತೀರಲ್ಲ, ಕಟ್ಟಿಗಿ ಕಂಡ್ರ ಏನ್ ಮಾಡ್ತೀರಿ?” ಎಂದ ಮಾರೆಪ್ಪ. ಮೂರು ದಿನದಿಂದ ರೇವಣಸಿದ್ಧನನ್ನು ಕಾಡಿನಲ್ಲಿ ಸುತ್ತಿಸಿ, ಒಂದೊಂದು ಬಳ್ಳಿಯ ಹೆಸರು ಹೇಳಿಕೊಟ್ಟವನು ಅವನೇ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಮೂರು ಮಕ್ಕಳ ತಂದೆ. ಮಾತಿಗೊಮ್ಮೆ ನಗುತ್ತಿದ್ದ.

ಇಬ್ಬರೂ ಕಟ್ಟನ್ನು ಪಡಸಾಲೆಗೆ ಇಳಿಸಿದರು. ನಲವತ್ತೆರಡು ಹಾಳೆ. ಪ್ರತಿ ಹಾಳೆಗೂ ಒಂದು ಒಣಗಿದ ಗಿಡ ಹೊಲಿದಿತ್ತು. ಕೆಳಗೆ ಕಂದು ಶಾಯಿಯಲ್ಲಿ ದಿನಾಂಕ, ಸ್ಥಳ, ಆಮೇಲೆ ಒಂದು ಹೆಸರು. ಕ್ಲೆರೊ ಕೃತಜ್ಞ ಮನುಷ್ಯ. ಯಾರು ಗಿಡ ತೋರಿಸಿದರೋ ಅವರ ಹೆಸರನ್ನು ಬಿಡದೆ ಬರೆದಿದ್ದ.

“ಗುತ್ತೆಪ್ಪ... ಶಂಕ್ರವ್ವ... ಉಡಚಪ್ಪ...” ರೇವಣಸಿದ್ಧ ಸಂತೋಷದಿಂದ ಓದತೊಡಗಿದ.

“ಗಟ್ಟಿಯಾಗಿ ಓದಬ್ಯಾಡ್ರಿ” ಎಂದಳು ಮಹಾದೇವಕ್ಕ. ಬಾಗಿಲಿನಿಂದ ಒಳಗೆ ಕಾಲಿಡದೆ ನಿಂತೇ ಹೇಳಿದಳು. “ಮಾಟಾ ಮಾಡೋರು ಏನ್ ಮಾಡ್ತಾರ? ಬೇರು ಕೀಳ್ತಾರ, ದಾರ ಸುತ್ತತಾರ, ಹೆಸರು ಬರದು ಭಾರ ಹೇರಿ ಇಡ್ತಾರ. ಕಲೇರ ಸಾಹೇಬ ತಿಳೀದ ಅದನ್ನ ಮಾಡಿದ. ಗಿಡಾ ಒಣಗಿದಂಗ ಆ ಹೆಸರಿನವ್ರೂ ಒಣಗಿದ್ರು. ನೀರು ನೀರು ಅನಕೋತ ಹ್ವಾದ್ರು. ಉಡಚಪ್ಪನ ಹೇಣ್ತಿ ಚೌಡವ್ವಗ ವಿದ್ಯಾ ಗೊತ್ತಿತ್ತು. ಆಕಿ ಕಾಡುಮೆಣಸಿನ ಬಳ್ಳಿ ತಂದಕೊಟ್ಟು, ‘ಇದರ ಮ್ಯಾಲ ನಿನ್ನ ಹೆಸರು ಬರಿ ಸಾಹೇಬ’ ಅಂದ್ಲು. ಅವ ನಕ್ಕ. ಬರದ.”

“ಆಮೇಲೆ?”

“ಹನ್ನೊಂದು ದಿನಕ್ಕ ಮುಗದ. ಆ ಬಳ್ಳಿ ಇನ್ನೂ ಒಣಗಿಲ್ಲ. ನೋಡಕೋರಿ.”

ಕೊನೆಯ ಹಾಳೆ. ಕರಿದಾರ ಸುತ್ತಿತ್ತು. ಬಿಚ್ಚಿದಾಗ ರೇವಣಸಿದ್ಧನ ನಗು ಒಂದು ಗಳಿಗೆ ನಿಂತಿತು. ನೂರೈವತ್ತು ವರ್ಷದ ಎಲೆ ಹಸಿರಾಗಿತ್ತು. ಮಂಕು ಹಸಿರು, ಸುಕ್ಕು ಹಸಿರು, ಆದರೆ ಹಸಿರೇ. ಉಗುರಿನಿಂದ ಒತ್ತಿದ. ಮೆತ್ತಗಿತ್ತು.

“ಗಾಳಿಯಾಡದೆ ಬಣ್ಣ ಉಳಿದಿದೆ, ಅಷ್ಟೇ” ಎಂದ. “ನಿಮ್ಮ ಚೌಡವ್ವನಿಗಿಂತ ನಿಮ್ಮ ಮೆಣಸಿನಕಾಯಿ ಚೀಲಕ್ಕೇ ಹೆಚ್ಚು ವಿದ್ಯೆ ಗೊತ್ತು, ಅಕ್ಕ.”

ಮಹಾದೇವಕ್ಕ ನಗಲಿಲ್ಲ.

ಹಳೆಯ ಹಾಳೆಯ ಗಿಡವನ್ನು ಹೊಸದಾಗಿ ಗುರುತಿಸಿದವನು ಒಂದು ಚೀಟಿಯಲ್ಲಿ ಗಿಡದ ಹೆಸರು, ತನ್ನ ಹೆಸರು, ದಿನಾಂಕ ಬರೆದು ಕೆಳಗೆ ಅಂಟಿಸಬೇಕು. ಅದು ಸಸ್ಯಶಾಸ್ತ್ರದವರ ರೂಢಿ. ಅಂಟಿಸದಿದ್ದರೆ ಕೆಲಸ ಅರ್ಧವಾದಂತೆ. ಮಹಾದೇವಕ್ಕ ಚಹಾಕ್ಕೆಂದು ಒಳಗೆ ಹೋದಳು. ಅವನ ಕೈ ರೂಢಿಯಂತೆ ನಡೆಯಿತು. ಚೀಟಿ ತೆಗೆದ. ಬರೆದ. ಗೋಂದು ಹಚ್ಚಿದ. ಒತ್ತಿದ.

“ಏನ್ರೀ ಅದು?” ಎಂದ ಮಾರೆಪ್ಪ. ಅವನಿಗೆ ಓದು ಬರುತ್ತಿರಲಿಲ್ಲ.

“ನನ್ನ ಹೆಸರು.”

ಮಾರೆಪ್ಪ ಹಾಳೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಶಿಗ್ಗಾಂವಿಯ ಖಾನಾವಳಿಯ ಮೇಲಿನ ಕೋಣೆಯಲ್ಲಿ ಅವನ ವಾಸ. ಮರುದಿನ ಎದ್ದಾಗ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಒಂದು ತಂಬಿಗೆ ನೀರು ಕುಡಿದ. ಇನ್ನೊಂದು. ಗಂಟಲಿನಲ್ಲಿ ತಂಪು ಇಳಿದದ್ದು ತಿಳಿಯುತ್ತಿತ್ತು, ಆಮೇಲೆ ಎಲ್ಲಿ ಹೋಯಿತೋ ತಿಳಿಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ತುಟಿ ಸೀಳಿತು, ರಕ್ತ ಬರಲಿಲ್ಲ. ಎರಡನೇ ದಿನ ಮೂತ್ರ ನಿಂತಿತು. ಅಂಗೈ ಉಜ್ಜಿದರೆ ಒಣ ಎಲೆಯ ಸಪ್ಪಳ. ಕೋಣೆಯಲ್ಲೆಲ್ಲ ಹಸಿ ಮೆಣಸಿನ ಬಳ್ಳಿ ಮುರಿದಂತೆ ಘಮ, ಎಲ್ಲಿಂದ ಎಂದು ಹುಡುಕಿದರೂ ಸಿಗಲಿಲ್ಲ. ವೈದ್ಯರು ಸಲಾಯಿನ್ ಹಚ್ಚಿದರು. ಬಾಟಲಿ ಖಾಲಿಯಾಯಿತು, ಎರಡನೆಯದೂ ಆಯಿತು. ವೈದ್ಯರು ಅವನ ತೋಳಿನ ಚರ್ಮ ಹಿಡಿದೆತ್ತಿ ಬಿಟ್ಟರು. ಎತ್ತಿದ ಮಡಿಕೆ ಹಾಗೇ ನಿಂತಿತ್ತು.

“ನೀರೆಲ್ಲ ಎಲ್ಲಿ ಹೋಗಾಕತ್ತೈತಿ?” ಎಂದು ಅವರು ತಮ್ಮಷ್ಟಕ್ಕೇ ಕೇಳಿಕೊಂಡರು.

ಆಗ ರೇವಣಸಿದ್ಧನಿಗೆ ಕ್ಲೆರೊನ ಪತ್ರದ ಎರಡು ಸಾಲು ನೆನಪಾದವು.

ನಾಲ್ಕನೇ ದಿನ ಮಟಮಟ ಮಧ್ಯಾಹ್ನ ತಡಸಕ್ಕೆ ಬಂದ. ಬಸ್ಸಿನಿಂದ ಅವನನ್ನು ಹೊತ್ತು ತಂದವನು ಮಾರೆಪ್ಪ. “ಸಾಹೇಬ್ರ, ಹತ್ತಿ ಅಳ್ಳಿಯಂಗ ಹಗರ ಆಗೀರಲ್ರಿ! ನನ್ನ ಸಣ್ಣ ಮಗ ನಿಮಗಿಂತ ಭಾರ ಅದಾನ” ಎಂದು ನಗಿಸಲು ನೋಡಿದ. ಪಡಸಾಲೆಯಲ್ಲಿ ಒರಗಿಸಿ, ಬಾಯಿಗೆ ನೀರು ಬಿಟ್ಟು, ಎತ್ತು ಕಟ್ಟಿ ಬರುತ್ತೇನೆಂದು ಹೋದ.

ಮಹಾದೇವಕ್ಕ ಹಾಳೆ ತಂದಿಟ್ಟಳು.

ಬಳ್ಳಿ ಉಬ್ಬಿತ್ತು. ಎಲೆಗಳು ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ತುದಿಯಲ್ಲಿ ಹೊಸ ಚಿಗುರು, ಅದರ ಮೇಲೆ ಒಂದು ಹನಿ ನೀರು. ಚೀಟಿ ಕೀಳಲು ಹೋದ. ಬರಲಿಲ್ಲ. ಗೆಣ್ಣಿನಿಂದ ಹೊರಟ ಬಿಳಿ ಬೇರುಗಳು ಕಾಗದವನ್ನು ಹೊಲಿದಿದ್ದವು. ಅವನ ಹೆಸರಿನ ಒಂದೊಂದು ಅಕ್ಷರಕ್ಕೂ ಒಂದೊಂದು ಬೇರು.

“ಸುಡ್ರಿ ಇದನ್ನ!” ಎಂದ.

“ಹೆಸರಿರೂ ತನಕ ಸುಟ್ರ ನೀವೂ ಸುಡ್ತೀರಿ.”

“ಹರಿದುಹಾಕಿದರೆ?”

ಅವಳು ಆಗದೆಂದು ತಲೆಯಾಡಿಸಿದಳು. “ನಮ್ಮತ್ತಿ ಒಂದು ಹೇಳತಿದ್ಲು. ಹೆಸರಿನ ಮ್ಯಾಲ ಹೆಸರು ಬರದ್ರ ಮೊದಲಿನವ್ರನ್ನ ಬಿಡತೈತಂತ. ಆದ್ರ ಅದು ಜೀವ ಇದ್ದವ್ರ ಹೆಸರಾಗಿರಬೇಕು. ನಾ ಇದನ್ನ ಹೇಳಬಾರದಿತ್ತು. ಹೇಳದ ನಿಮ್ಮ ಸಾವು ನೋಡಾಕೂ ಆಗವಲ್ದು.”

ಹೇಳಿ ಮುಖ ತಿರುಗಿಸಿ ನಿಂತಳು.

ಹೊರಗೆ ಬಿಸಿಲು. ಕಿಸೆಯಲ್ಲಿ ಪೆನ್ನು. ತೆಗೆದ. ಬೆರಳು ಮಡಚಲಿಲ್ಲ, ಎರಡೂ ಕೈಯಲ್ಲಿ ಹಿಡಿದ. ಕಣ್ಣು ಮುಚ್ಚಲೂ ಆಗದು, ರೆಪ್ಪೆ ಒಣಗಿತ್ತು. ಎಲೆಗಳು ಅಲುಗಿದವು. ಗಾಳಿ ಇರಲಿಲ್ಲ. ಯಾರು? ಯಾರ ಹೆಸರು? ಎದೆ ಒಮ್ಮೆ ಬಡಿಯಿತು. ನಿಂತಿತು. ಮತ್ತೆ ಬಡಿಯಿತು.

ಬರೆದ.

ಪೆನ್ನು ಕಾಗದ ಗೀರಿದ ಸಪ್ಪಳ ಮಹಾದೇವಕ್ಕನಿಗೆ ಕೇಳಿಸಿತು. ಚಿಕ್ಕ ಹೆಸರು, ಬೇಗ ಮುಗಿಯಿತು ಎಂದು ಅವಳು ನನಗೆ ಹೇಳಿದಳು. ತಿರುಗಿ ನೋಡಿದಾಗ ಅವನ ಹಣೆಯಲ್ಲಿ ಬೆವರು ಮೂಡಿತ್ತು. ನೀರಿಲ್ಲದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಯಾರ ಹೆಸರು ಬರದ್ರಿ?”

ಅವನು ಕೊಡ ಎತ್ತಿ ಗಟಗಟ ಕುಡಿದ. ಕುಡಿದು, ಮಾರೆಪ್ಪ ಬರುವ ಮೊದಲೇ, ಯಾರ ಆಸರೆಯೂ ಇಲ್ಲದೆ ಎದ್ದು ಬಸ್ಸಿಗೆ ನಡೆದುಹೋದ.

ಮರುದಿನ ಬೆಳಿಗ್ಗೆ ಮಾರೆಪ್ಪ ಮಹಾದೇವಕ್ಕನ ಬಾಗಿಲಿಗೆ ಬಂದ. “ಅಕ್ಕಾರ, ಒಂದು ತಂಬಿಗಿ ನೀರು ಕೊಡ್ರಿ. ಯಾಕೋ ನಿನ್ನೆಯಿಂದ ಬಾಯಿ ಆರಾಕತ್ತೈತಿ” ಎಂದ. ಕುಡಿದ. ತಂಬಿಗೆಯನ್ನು ಮತ್ತೆ ಮುಂದೆ ಹಿಡಿದ. ಈ ಸಲ ನಗಲಿಲ್ಲ.

ಮಹಾದೇವಕ್ಕ ಇಡೀ ಕೊಡವನ್ನೇ ತಂದು ಅವನ ಮುಂದಿಟ್ಟಳು.

ಅವನು ಒಂಬತ್ತು ದಿನ ಬದುಕಿದ್ದ. ಹೆಂಡತಿ ಶಾರವ್ವ ಒದ್ದೆ ಸೀರೆ ಹೊದಿಸಿ ಮಲಗಿಸಿದಳು; ಸೀರೆ ಗಳಿಗೆಯಲ್ಲಿ ಒಣಗುತ್ತಿತ್ತು. ಹುಬ್ಬಳ್ಳಿಯ ವೈದ್ಯರು ಮೂತ್ರಪಿಂಡದ ರೋಗವೆಂದು ಬರೆದುಕೊಟ್ಟರು. ಮಣ್ಣು ಕೊಡುವಾಗ ಮಹಾದೇವಕ್ಕ ಆ ಹಾಳೆಯನ್ನು ಸೆರಗಿನಲ್ಲಿ ತಂದು ಕುಣಿಯೊಳಗೆ ಹಾಕಿದಳು. ಅವಳಿಗೆ ಓದು ಬಾರದು. ಯಾರಿಂದಲೂ ಓದಿಸಲಿಲ್ಲ. ಯಾಕೆಂದು ಕೇಳಿದ್ದಕ್ಕೆ, “ಓದಿಸಿದ್ರ ಶಾರವ್ವಗ ಹೇಳಬೇಕಾಗತಿತ್ತು. ಉಪಾಯ ಹೇಳಿಕೊಟ್ಟಾಕಿ ನಾನ” ಎಂದಳು.

ರೇವಣಸಿದ್ಧನನ್ನು ನಾನು ಕಂಡದ್ದು ೧೯೮೬ರಲ್ಲಿ. ಕ್ಲೆರೊನ ಚರಿತ್ರೆ ಅವನು ಬರೆಯಲಿಲ್ಲ; ಸಸ್ಯಶಾಸ್ತ್ರವನ್ನೇ ಬಿಟ್ಟಿದ್ದ. “ಕ್ಲೆರೊನ ಹೆಸರನ್ನೇ ಮತ್ತೊಮ್ಮೆ ಬರೆದೆ, ಸತ್ತವನ ಹೆಸರು, ಯಾರಿಗೂ ಕೇಡಾಗದಿರಲಿ ಎಂದು” ಎಂದ. ನನ್ನ ಮುಖ ನೋಡದೆ ಹೇಳಿದ. ಹೇಳುವಾಗ ಎರಡು ಬಾರಿ ನೀರು ಕುಡಿದ. ಅದು ನಿಜವಿದ್ದರೆ ಮಾರೆಪ್ಪ ಸತ್ತದ್ದು ಬರೀ ರೋಗದಿಂದ. ಸುಳ್ಳಾಗಿದ್ದರೆ, ಅದನ್ನು ಹೇಳಬಲ್ಲ ಒಂದೇ ಕಾಗದ ಮಣ್ಣಿನಲ್ಲಿದೆ. ಅದರಲ್ಲಿ ಯಾರ ಹೆಸರಿತ್ತೆಂದು ನನಗೆ ಗೊತ್ತಿಲ್ಲ.